‘ಸರಳೀಕರಿಸಿದಾಗ’ ಎಂಬ ಪದದ ಹಿಂದೆ: ಕಲನಶಾಸ್ತ್ರಕ್ಕೆ ನಾನು ನಡೆಸಿದ ಸಿದ್ಧತೆ

ತರಗತಿಯಲ್ಲಿ ಕಲನಶಾಸ್ತ್ರದ (ಕ್ಯಾಲ್ಕುಲಸ್) ಪಾಠಗಳು ಆರಂಭವಾಗಲು ಇನ್ನೂ ಐದು ತಿಂಗಳು ಇರುವಾಗಲೇ ನಾನು ಆ ವಿಷಯದ ಪುಸ್ತಕವೊಂದನ್ನು ಎರವಲು ತಂದು ಓದಲು ಕುಳಿತಿದ್ದೆ. ಅರ್ಧ ಪಾಠವನ್ನು ಮೊದಲೇ ಮುಗಿಸಿಬಿಟ್ಟರೆ ಮುಂದಿನ ವರ್ಷ ಹಗುರವಾಗುತ್ತದೆ ಎಂಬುದು ಆಗಿನ ನನ್ನ ಲೆಕ್ಕಾಚಾರ. ಲಿಮಿಟ್ (ಒಂದು ಬೆಲೆ ಯಾವುದರ ಹತ್ತಿರ ಸಾಗುತ್ತದೆ ಎಂಬುದು) ಎಂದರೇನು, ಅವಕಲನ (ಬದಲಾವಣೆಯ ದರ) ಎಂದರೇನು ಎಂಬ ವಿವರಣೆಗಳನ್ನು ನಿಧಾನವಾಗಿ ಎರಡು ಸಲ ಓದಿದರೆ ಅರ್ಥವಾಗುತ್ತಿದ್ದವು. ಅದರ ಬೆನ್ನಿಗೆ ಬರುತ್ತಿದ್ದ ಉದಾಹರಣೆಗಳಲ್ಲಿ ಮಾತ್ರ ಒಂದು ಸಾಲಿನಿಂದ ಮುಂದಿನ ಸಾಲಿಗೆ ದಾಟಲು ಆಗುತ್ತಿರಲಿಲ್ಲ. ಎರಡು ಸಾಲುಗಳ ನಡುವೆ ಸಾಮಾನ್ಯವಾಗಿ ಒಂದೇ ಒಂದು ಪದವಿರುತ್ತಿತ್ತು: ‘ಸರಳೀಕರಿಸಿದಾಗ’.

ಹತ್ತು ದಿನ ಹೀಗೆ ಒದ್ದಾಡಿದ ಮೇಲೆ, ನಾನು ಸಿಕ್ಕಿಹಾಕಿಕೊಂಡ ಪ್ರತಿಯೊಂದು ಜಾಗಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಮೊದಲ ಎರಡು ಅಧ್ಯಾಯಗಳು ಮುಗಿದಾಗ ಗುರುತುಗಳನ್ನೆಲ್ಲ ಒಟ್ಟಿಗೆ ನೋಡಿದರೆ, ಅವುಗಳಲ್ಲಿ ನಾಲ್ಕೈದನ್ನು ಬಿಟ್ಟು ಉಳಿದವು ಯಾವುವೂ ಕಲನಶಾಸ್ತ್ರಕ್ಕೆ ಸೇರಿದವಾಗಿರಲಿಲ್ಲ. ಭಿನ್ನರಾಶಿಗಳಿಗೆ ಸಮಾನ ಛೇದ ತರುವುದು, ಆವರಣ ಬಿಡಿಸುವುದು, ವರ್ಗಮೂಲಗಳನ್ನು ಅಕರಣೀಕರಿಸುವುದು (ಛೇದದಿಂದ ಮೂಲಚಿಹ್ನೆಯನ್ನು ತೆಗೆಯುವುದು), ಅಪವರ್ತಿಸುವುದು ಇತ್ಯಾದಿ ಕೆಲಸಗಳಲ್ಲಿಯೇ ನಾನು ಎಡವಿದ್ದೆ; ಇವೆಲ್ಲವನ್ನೂ ಎರಡು ಮೂರು ವರ್ಷಗಳ ಹಿಂದೆಯೇ ಕಲಿತು, ಪರೀಕ್ಷೆಯಲ್ಲಿ ಅಂಕ ಪಡೆದು, ಮರೆತಿದ್ದೆ. ಅಂದೇ ಆ ಪುಸ್ತಕವನ್ನು ಬದಿಗಿಟ್ಟು ಹಳೆಯ ತರಗತಿಗಳ ಪಠ್ಯಪುಸ್ತಕಗಳನ್ನು ಹೊರತೆಗೆದೆ. ಹಿಂದಕ್ಕೆ ಹೋಗುವುದು ಆ ವಯಸ್ಸಿನಲ್ಲಿ ಸ್ವಲ್ಪ ಅವಮಾನದ ವಿಷಯವೆನಿಸಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಹಳೆಯ ಪುಸ್ತಕಗಳನ್ನು ಮೊದಲ ಪುಟದಿಂದ ಓದುವ ತಪ್ಪನ್ನು ನಾನು ಮಾಡಲಿಲ್ಲ. ಪೆನ್ಸಿಲ್ ಗುರುತು ಎಲ್ಲಿತ್ತೋ ಅಲ್ಲಿಗೆ ಬೇಕಾದ ಪಾಠವನ್ನು ಮಾತ್ರ ಹುಡುಕಿ, ಅದರ ಲೆಕ್ಕಗಳನ್ನು ಮಾಡಿ, ಮತ್ತೆ ಗುರುತಿದ್ದ ಜಾಗಕ್ಕೆ ಮರಳಿ, ಪುಸ್ತಕ ಬಿಟ್ಟಿದ್ದ ಹಂತಗಳನ್ನೆಲ್ಲ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೆ. 1/ಎಕ್ಸ್ ಎಂಬ ಫಂಕ್ಷನ್ನಿನ (ಎಕ್ಸ್ ಬೆಲೆ ಹಾಕಿದರೆ ಒಂದು ಉತ್ತರ ಕೊಡುವ ನಿಯಮ) ಅವಕಲನವನ್ನು ಮೂಲ ವ್ಯಾಖ್ಯೆಯಿಂದಲೇ ಕಂಡುಹಿಡಿಯುವ ಲೆಕ್ಕ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಎಕ್ಸ್ ಬೆಲೆಯನ್ನು ಎಚ್ ಎಂಬ ಸಣ್ಣ ಮೊತ್ತದಷ್ಟು ಬದಲಿಸಿ, 1/(ಎಕ್ಸ್ + ಎಚ್) ರಿಂದ 1/ಎಕ್ಸ್ ಅನ್ನು ಕಳೆದು, ಬಂದುದನ್ನು ಎಚ್‌ನಿಂದ ಭಾಗಿಸಿ, ಕೊನೆಗೆ ಎಚ್ ಸೊನ್ನೆಯ ಹತ್ತಿರ ಹೋದಂತೆ ಏನು ಉಳಿಯುತ್ತದೆಂದು ನೋಡಬೇಕು. ಸಮಾನ ಛೇದ ತಂದಾಗ ಅಂಶದಲ್ಲಿ ಎಕ್ಸ್ − (ಎಕ್ಸ್ + ಎಚ್) ಬರುತ್ತದೆ. ನಾನು ಆವರಣವನ್ನು ಬರೆಯದೆ ಎಕ್ಸ್ − ಎಕ್ಸ್ + ಎಚ್ ಎಂದು ಬರೆದು, ಉತ್ತರವಾಗಿ 1/ಎಕ್ಸ್ ವರ್ಗವನ್ನು ಪಡೆಯುತ್ತಿದ್ದೆ. ಸರಿಯಾದ ಉತ್ತರ ಋಣ ಚಿಹ್ನೆಯುಳ್ಳದ್ದು. ಒಂದು ಆವರಣ ತಪ್ಪಿದ್ದರಿಂದ, ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗುವ ವಕ್ರರೇಖೆಯೊಂದು ನನ್ನ ಹಾಳೆಯ ಮೇಲೆ ಏರತೊಡಗಿತ್ತು.

ಇಂಥ ತಪ್ಪುಗಳಿಗಾಗಿಯೇ ಒಂದು ಬೇರೆ ಪುಸ್ತಕವನ್ನು ಇಟ್ಟೆ. ಎಡಪುಟದಲ್ಲಿ ನಾನು ಬರೆದ ತಪ್ಪು ಸಾಲು, ಬಲಪುಟದಲ್ಲಿ ಸರಿಯಾದ ಸಾಲು, ಅದರ ಕೆಳಗೆ ಸಂಖ್ಯೆಗಳನ್ನು ಹಾಕಿ ಮಾಡಿದ ಒಂದು ಪರೀಕ್ಷೆ. ವರ್ಗಮೂಲದೊಳಗಿನ ಮೊತ್ತವನ್ನು ಎರಡು ವರ್ಗಮೂಲಗಳ ಮೊತ್ತವಾಗಿ ಒಡೆಯುವ ಕೆಟ್ಟ ಅಭ್ಯಾಸ ನನಗಿತ್ತು. 9 ಮತ್ತು 16 ಅನ್ನು ಕೂಡಿಸಿ ವರ್ಗಮೂಲ ತೆಗೆದರೆ 5 ಬರುತ್ತದೆ, ಬೇರೆಬೇರೆಯಾಗಿ ತೆಗೆದು ಕೂಡಿಸಿದರೆ 7 ಬರುತ್ತದೆ ಎಂದು ಒಮ್ಮೆ ಬರೆದಿಟ್ಟ ಮೇಲೆ ಆ ಅಭ್ಯಾಸ ನಿಂತಿತು. (ಎಕ್ಸ್ + 6)/6 ರಲ್ಲಿ ಮೇಲಿನ 6 ಮತ್ತು ಕೆಳಗಿನ 6 ಅನ್ನು ಹೊಡೆದುಹಾಕಿ ಎಕ್ಸ್ ಎಂದು ಬರೆಯುವುದು ಇನ್ನೊಂದು ರೋಗ. ಎಕ್ಸ್ ಬೆಲೆ 6 ಆದಾಗ ನಿಜವಾದ ಉತ್ತರ 2 ಎಂಬುದೇ ಅದಕ್ಕೆ ಮದ್ದಾಯಿತು. ‘ಇದು ನಿಯಮಕ್ಕೆ ವಿರುದ್ಧ’ ಎಂದು ಯಾರೋ ಹೇಳಿದ್ದನ್ನು ನಂಬುವುದಕ್ಕೂ ನಾನೇ ಸಂಖ್ಯೆ ಹಾಕಿ ಸುಳ್ಳೆಂದು ಕಂಡುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಸುಮಾರು ಆರು ವಾರಗಳಲ್ಲಿ ಆ ಪುಸ್ತಕ ತುಂಬಿತು, ಮತ್ತು ಅದರಲ್ಲಿದ್ದ ತಪ್ಪುಗಳು ನಾನಾ ಬಗೆಯವಲ್ಲ, ಏಳೆಂಟು ತಪ್ಪುಗಳೇ ವೇಷ ಬದಲಿಸಿ ಬರುತ್ತಿವೆ ಎಂಬುದು ಆಗ ತಿಳಿಯಿತು.

ಕರಣಿಗಳ, ಅಂದರೆ ಮೂಲಚಿಹ್ನೆಯುಳ್ಳ ಸಂಖ್ಯೆಗಳ, ಪಾಠದ ಬಗ್ಗೆ ಒಂದು ಮಾತು. ಛೇದವನ್ನು ಅಕರಣೀಕರಿಸುವುದನ್ನು ಕಲಿತಾಗ, ಇದರಿಂದ ಏನು ಪ್ರಯೋಜನವೆಂದು ನನಗೆ ಯಾರೂ ಹೇಳಿರಲಿಲ್ಲ. ವರ್ಗಮೂಲ ಎಕ್ಸ್‌ನ ಅವಕಲನವನ್ನು ಕಂಡುಹಿಡಿಯುವಾಗ ಅದೇ ತಂತ್ರವನ್ನು ಅಂಶದ ಮೇಲೆ ಪ್ರಯೋಗಿಸಬೇಕಾಗುತ್ತದೆ: ಎರಡು ವರ್ಗಮೂಲಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಗುಣಿಸಿದಾಗ ಮೂಲಚಿಹ್ನೆಗಳು ಮಾಯವಾಗಿ ಎಚ್ ಮಾತ್ರ ಉಳಿಯುತ್ತದೆ, ಅದು ಕೆಳಗಿನ ಎಚ್‌ನೊಂದಿಗೆ ಹೋಗುತ್ತದೆ, ಕೊನೆಗೆ ಉಳಿಯುವುದು 1 ಭಾಗಿಸು 2 ವರ್ಗಮೂಲ ಎಕ್ಸ್. ಹಳೆಯ ಪಾಠವೊಂದು ಇಷ್ಟು ತಡವಾಗಿ ತನ್ನ ಉದ್ದೇಶವನ್ನು ತೋರಿಸಿಕೊಟ್ಟದ್ದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಗಳಿಗೆ.

ಬೀಜಗಣಿತದ ನಂತರ ನಾನು ಹೆಚ್ಚು ಕಾಲ ಕೊಟ್ಟದ್ದು ಫಂಕ್ಷನ್ ಎಂಬ ಕಲ್ಪನೆಗೆ. ಅಲ್ಲಿಯವರೆಗೆ ಅದು ನನಗೆ ‘ವೈ ಸಮ’ ಎಂದು ಆರಂಭವಾಗುವ ಒಂದು ಸೂತ್ರವಷ್ಟೇ ಆಗಿತ್ತು. ಎಕ್ಸ್ ಇರುವಲ್ಲಿ (ಎಕ್ಸ್ + ಎಚ್) ಹಾಕಿ ಎಂದರೆ, ಎಕ್ಸ್ ವರ್ಗಕ್ಕೆ ಸುಮ್ಮನೆ ಎಚ್ ಸೇರಿಸಿ ಬರೆಯುತ್ತಿದ್ದೆ. ಇದನ್ನು ತಿದ್ದಿಕೊಳ್ಳಲು ಎಕ್ಸ್ ಬದಲಿಗೆ ಒಂದು ಖಾಲಿ ಚೌಕ ಬರೆಯುವ ಉಪಾಯವನ್ನು ಕಂಡುಕೊಂಡೆ. ಚೌಕದ ವರ್ಗ ಎಂದು ಬರೆದು, ಚೌಕದೊಳಗೆ 3 ಹಾಕಿದೆ, −2 ಹಾಕಿದೆ, ಬಳಿಕ ಎಕ್ಸ್ + ಎಚ್ ಹಾಕಿದೆ. ಒಳಗೆ ಹೋದದ್ದು ಏನೇ ಆಗಿರಲಿ, ಅದರ ಸುತ್ತ ಆವರಣ ತಾನಾಗಿಯೇ ಬರುತ್ತಿತ್ತು. ಇದೇ ಚೌಕಗಳು ಒಂದರೊಳಗೊಂದು ಕೂತಾಗ ಸಂಯುಕ್ತ ಫಂಕ್ಷನ್ ಆಗುತ್ತದೆ. ಎಕ್ಸ್ ವರ್ಗದ ಸೈನ್ ಬೇರೆ, ಸೈನ್ ಎಕ್ಸ್‌ನ ವರ್ಗ ಬೇರೆ ಎಂಬುದನ್ನು ‘ಮೊದಲು ಯಾವ ಕೆಲಸ, ಆಮೇಲೆ ಯಾವ ಕೆಲಸ’ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಅಭ್ಯಾಸ ಮಾಡಿದೆ. ಇಂಥ ಸಂಯುಕ್ತ ಫಂಕ್ಷನ್ನಿನ ಅವಕಲನ ಕಂಡುಹಿಡಿಯುವ ಸರಪಳಿ ನಿಯಮ ಬಂದಾಗ ಹೊಸದಾಗಿ ಕಲಿಯಬೇಕಾದದ್ದು ಅರ್ಧದಷ್ಟೇ ಇತ್ತು, ಏಕೆಂದರೆ ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ಗುರುತಿಸುವುದೇ ಆ ನಿಯಮದ ಕಷ್ಟದ ಭಾಗ.

ನಕ್ಷೆಗಳನ್ನು ಕೈಯಲ್ಲೇ ಬಿಡಿಸಿದೆ. ಕಂಪ್ಯೂಟರ್ ಕ್ಷಣದಲ್ಲಿ ಬಿಡಿಸಿಕೊಡುತ್ತದೆ ಎಂಬುದು ಗೊತ್ತಿದ್ದರೂ, ಮೊದಲ ಒಂದು ತಿಂಗಳು ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸಿ, ಊಹಿಸಿ, ಆಮೇಲೆ ತಾಳೆ ನೋಡುತ್ತಿದ್ದೆ. (ಎಕ್ಸ್ − 2) ರ ವರ್ಗದಲ್ಲಿ ಕಳೆಯುವ ಚಿಹ್ನೆಯಿದ್ದರೂ ಪರವಲಯ ಬಲಕ್ಕೆ ಸರಿಯುವುದೇಕೆ ಎಂಬುದು, ಸೊನ್ನೆ ಬೆಲೆ ಬರಲು ಎಕ್ಸ್ 2 ಆಗಲೇಬೇಕು ಎಂಬುದನ್ನು ಕೈಯಾರೆ ಗುರುತಿಸಿದಾಗಲೇ ಮನಸ್ಸಿಗೆ ಹಿಡಿಯಿತು.

ತ್ರಿಕೋನಮಿತಿಯಲ್ಲಿ ನನಗೆ ಒದಗಿದ ಪೇಚನ್ನು ಇಲ್ಲಿ ಹೇಳಲೇಬೇಕು. ಎಕ್ಸ್ ಸೊನ್ನೆಯ ಹತ್ತಿರ ಹೋದಂತೆ ಸೈನ್ ಎಕ್ಸ್ ಭಾಗಿಸು ಎಕ್ಸ್ ಎಂಬುದು 1ರ ಹತ್ತಿರ ಹೋಗುತ್ತದೆ ಎಂದು ಓದಿ, ಪರೀಕ್ಷಿಸಲು ಕ್ಯಾಲ್ಕುಲೇಟರ್ ತೆಗೆದುಕೊಂಡೆ. 0.1 ಹಾಕಿದರೆ 0.01745 ಬಂತು; 0.01 ಹಾಕಿದರೂ ಅದೇ ಸಂಖ್ಯೆ. ಒಂದು ಸಂಜೆಯಿಡೀ ಪುಸ್ತಕವೇ ತಪ್ಪೆಂದು ನಂಬಿದ್ದೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿತ್ತು, ಆ ಸಂಖ್ಯೆ ಪೈ ಭಾಗಿಸು 180 ಎಂಬುದು ಮರುದಿನ ಹೊಳೆಯಿತು. ರೇಡಿಯನ್ನಿಗೆ ಬದಲಿಸಿದ ಮೇಲೆ 0.1ಕ್ಕೆ 0.9983, 0.01ಕ್ಕೆ 0.99998 ಬಂತು. ಕಂಸದ ಉದ್ದವನ್ನು ತ್ರಿಜ್ಯದಿಂದ ಅಳೆಯುವ ಆ ವಿಚಿತ್ರ ಮಾನ ಏಕೆ ಬೇಕು ಎಂಬ ನನ್ನ ಬಹುದಿನದ ಗೊಣಗಾಟಕ್ಕೆ ಉತ್ತರ ಸಿಕ್ಕಿದ್ದು ಹೀಗೆ: ಡಿಗ್ರಿಯನ್ನೇ ಇಟ್ಟುಕೊಂಡರೆ ಸೈನ್‌ನ ಅವಕಲನದಲ್ಲೆಲ್ಲ ಆ 0.01745 ಬಾಲದಂತೆ ಹಿಂಬಾಲಿಸುತ್ತದೆ. ಇದಾದ ಮೇಲೆ 30, 45, 60 ಡಿಗ್ರಿಗಳ ಬೆಲೆಗಳನ್ನು ಎರಡು ತ್ರಿಭುಜಗಳಿಂದ ಪ್ರತಿ ಸಲ ಹೊಸದಾಗಿ ಪಡೆಯುತ್ತಾ, ಅವುಗಳನ್ನು ರೇಡಿಯನ್ನಿನಲ್ಲೇ ಹೇಳುವುದನ್ನು ರೂಢಿಸಿಕೊಂಡೆ. ನಿತ್ಯಸಮೀಕರಣಗಳಲ್ಲಿ ಮೂರು ನಾಲ್ಕನ್ನು ಬಿಟ್ಟು ಹೆಚ್ಚಿನವನ್ನು ಬಾಯಿಪಾಠ ಮಾಡಲಿಲ್ಲ.

ಕೊನೆಯ ಆರು ವಾರಗಳಲ್ಲಿ, ಸೂತ್ರಗಳನ್ನು ಮುಟ್ಟದೆ, ಬದಲಾವಣೆಯ ದರವನ್ನು ಬರಿಯ ಕೋಷ್ಟಕಗಳಿಂದ ಅರಿಯಲು ಯತ್ನಿಸಿದೆ. ಬಿಟ್ಟ ಕಲ್ಲು ಟಿ ಸೆಕೆಂಡುಗಳಲ್ಲಿ ಸುಮಾರು 4.9 ಗುಣಿಸು ಟಿ ವರ್ಗ ಮೀಟರ್ ಬೀಳುತ್ತದೆ. 1ನೇ ಸೆಕೆಂಡಿನಿಂದ 2ನೇ ಸೆಕೆಂಡಿನವರೆಗಿನ ಸರಾಸರಿ ವೇಗ ಸೆಕೆಂಡಿಗೆ 14.7 ಮೀಟರ್, 1ರಿಂದ 1.1ರವರೆಗೆ 10.29; 1.01ರವರೆಗೆ 9.849, 1.001ರವರೆಗೆ 9.8049. ಸಂಖ್ಯೆಗಳು 9.8ರ ಕಡೆಗೆ ಸಾಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಹಾಗೆಯೇ ಎಕ್ಸ್ ವರ್ಗದಿಂದ 9 ಕಳೆದು ಎಕ್ಸ್ − 3 ರಿಂದ ಭಾಗಿಸುವ ಲೆಕ್ಕದಲ್ಲಿ 2.99ಕ್ಕೆ 5.99, 3.01ಕ್ಕೆ 6.01 ಬರುತ್ತದೆ, ಆದರೆ 3ರಲ್ಲಿಯೇ ಸೊನ್ನೆಯ ಮೇಲೆ ಸೊನ್ನೆ. ಹತ್ತಿರ ಹೋಗುವುದು ಮತ್ತು ಅಲ್ಲಿಯೇ ಇರುವುದು ಎರಡೂ ಬೇರೆ ಎಂಬುದನ್ನು ನನಗೆ ಕಲಿಸಿದ್ದು ಆ ಒಂದು ಕೋಷ್ಟಕ.

ಆದರೂ ಒಂದು ಶಂಕೆ ಉಳಿದಿತ್ತು. ಭಾಗಿಸುವಾಗ ಎಚ್ ಸೊನ್ನೆಯಲ್ಲ ಎನ್ನುತ್ತೇವೆ, ಕೊನೆಗೆ ಅದನ್ನೇ ಸೊನ್ನೆಯೆಂದು ಬಿಟ್ಟುಬಿಡುತ್ತೇವೆ, ಇದು ಮೋಸವಲ್ಲವೇ? ಈ ಪ್ರಶ್ನೆ ನನ್ನ ದಡ್ಡತನದ ಗುರುತೆಂದು ಯಾರಲ್ಲಿಯೂ ಕೇಳಿರಲಿಲ್ಲ. 1734ರಲ್ಲಿ ಜಾರ್ಜ್ ಬರ್ಕ್ಲಿ ಎಂಬ ತತ್ತ್ವಜ್ಞಾನಿ ನ್ಯೂಟನ್ನನ ವಿಧಾನದ ಮೇಲೆ ಇದೇ ಆಕ್ಷೇಪವನ್ನು ಎತ್ತಿದ್ದನೆಂದೂ, 1821ರಲ್ಲಿ ಫ್ರಾನ್ಸಿನ ಗಣಿತಜ್ಞ ಕೋಶಿ ಲಿಮಿಟ್ ಕಲ್ಪನೆಯನ್ನು ಅಡಿಪಾಯವಾಗಿಟ್ಟು ವಿಷಯವನ್ನು ಮತ್ತೆ ಕಟ್ಟಿದನೆಂದೂ ಓದಿದಾಗ ನನಗೆ ಬಹಳ ಸಮಾಧಾನವಾಯಿತು. ಉತ್ತರ ನನ್ನ ಕೋಷ್ಟಕದಲ್ಲಿಯೇ ಇತ್ತು: ಎಚ್ ಎಂದೂ ಸೊನ್ನೆಯಾಗುವುದಿಲ್ಲ, ಅದು ಸೊನ್ನೆಯನ್ನು ಸಮೀಪಿಸಿದಂತೆ ಬೆಲೆ ಎತ್ತ ಸಾಗುತ್ತದೆ ಎಂಬುದನ್ನಷ್ಟೇ ನಾವು ಹೇಳುತ್ತಿರುತ್ತೇವೆ.

ಮಾತಿನ ಲೆಕ್ಕಗಳನ್ನು ಸಮೀಕರಣಕ್ಕೆ ಇಳಿಸುವ ಅಭ್ಯಾಸಕ್ಕೆ ಒಂದೇ ಲೆಕ್ಕವನ್ನು ಹಿಡಿದು ಒಂದು ವಾರ ಕಳೆದೆ. 12 ಸೆಂಟಿಮೀಟರ್ ಬದಿಯ ಚೌಕಾಕಾರದ ರಟ್ಟಿನ ನಾಲ್ಕು ಮೂಲೆಗಳಿಂದ ಸಮನಾದ ಸಣ್ಣ ಚೌಕಗಳನ್ನು ಕತ್ತರಿಸಿ ತೆಗೆದು, ಅಂಚುಗಳನ್ನು ಮಡಚಿ ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಿದರೆ, ಅತಿ ಹೆಚ್ಚು ಹಿಡಿಯುವ ಪೆಟ್ಟಿಗೆ ಯಾವುದು? ನಿಜವಾಗಿಯೂ ರಟ್ಟು ಕತ್ತರಿಸಿದೆ. ಕತ್ತರಿಸಿದ ಚೌಕದ ಬದಿ 1 ಆದರೆ ಘನಫಲ 100, 2 ಆದರೆ 128, 3 ಆದರೆ 108, 4 ಆದರೆ 64 ಘನ ಸೆಂಟಿಮೀಟರ್. 2ರ ಆಚೀಚೆ 1.9 ಮತ್ತು 2.1 ಹಾಕಿ ನೋಡಿದಾಗ ಎರಡಕ್ಕೂ 128ಕ್ಕಿಂತ ಕೊಂಚ ಕಡಿಮೆಯೇ ಬಂತು. ಉತ್ತರ 2 ಎಂದು ಅವಕಲನ ತಿಳಿಯದೆಯೇ ಊಹಿಸಿದ್ದೆ, ಆದರೆ ಸಾಧಿಸಲು ಆಗಿರಲಿಲ್ಲ. ಬದಿ 6 ಮುಟ್ಟಿದರೆ ಪೆಟ್ಟಿಗೆಯೇ ಉಳಿಯುವುದಿಲ್ಲ ಎಂಬುದು ರಟ್ಟು ಕೈಯಲ್ಲಿದ್ದುದರಿಂದ ಹೊಳೆದ ಸಂಗತಿ. ಫಂಕ್ಷನ್ನಿನ ಕ್ಷೇತ್ರ ಎಂದು ಪುಸ್ತಕಗಳು ಹೇಳುವುದು ಹಾಕಬಹುದಾದ ಬೆಲೆಗಳ ಈ ವ್ಯಾಪ್ತಿಯನ್ನೇ.

ದಿನಕ್ಕೆ ಸುಮಾರು ಐವತ್ತು ನಿಮಿಷಗಳಿಗಿಂತ ಹೆಚ್ಚು ಕುಳಿತವನಲ್ಲ. ಮೊದಲ ಹತ್ತು ನಿಮಿಷ ಹಿಂದಿನ ದಿನ ತಪ್ಪಿದ ಲೆಕ್ಕವನ್ನು ಪುಸ್ತಕ ನೋಡದೆ ಮತ್ತೆ ಮಾಡುವುದಕ್ಕೆ ಮೀಸಲಾಗಿತ್ತು. ನಾನು ವ್ಯರ್ಥ ಮಾಡಿದ ಕಾಲವೂ ಇದೆ: ಅವಕಲನ ಸೂತ್ರಗಳ ಉದ್ದನೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿ ಎರಡು ವಾರ ಬಾಯಿಪಾಠ ಮಾಡಿದ್ದು ಯಾವುದಕ್ಕೂ ಒದಗಲಿಲ್ಲ. ಬೇರೆಯವರು ಲೆಕ್ಕ ಬಿಡಿಸುವ ವೀಡಿಯೊಗಳನ್ನು ನೋಡುವಾಗ ಎಲ್ಲವೂ ತಿಳಿದಂತೆ ಅನಿಸುತ್ತಿತ್ತು, ಪೆನ್ನು ಹಿಡಿದಾಗ ಏನೂ ಬರುತ್ತಿರಲಿಲ್ಲ.

ಪಾಠ ಆರಂಭವಾದ ಮೂರನೆಯ ವಾರ ನಮ್ಮ ಅಧ್ಯಾಪಕರು 1/ಎಕ್ಸ್ ಲೆಕ್ಕವನ್ನು ಹಲಗೆಯ ಮೇಲೆ ಬರೆದರು. ನಡುವಿನ ಎರಡು ಸಾಲುಗಳನ್ನು ಬಿಟ್ಟು, ‘ಸರಳೀಕರಿಸಿದಾಗ’ ಎಂದು ಮುಂದೆ ಹೋದರು. ಬಿಟ್ಟ ಸಾಲುಗಳು ನನಗೆ ಕಾಣುತ್ತಿದ್ದವು, ಆವರಣದ ಸಮೇತ. ಎಲ್ಲವೂ ಹೀಗೆ ಸಲೀಸಾಗಿ ನಡೆಯಲಿಲ್ಲ. ಲಘುಗಣಕಗಳನ್ನು (ಲಾಗರಿದಮ್) ಆಮೇಲೆ ನೋಡಿಕೊಂಡರಾಯಿತು ಎಂದು ಸಿದ್ಧತೆಯಲ್ಲಿ ಬಿಟ್ಟಿದ್ದೆ. ಎರಡೇ ತಿಂಗಳಲ್ಲಿ ಅವು ಎದುರಾದವು, ಮತ್ತು ತರಗತಿ ಮುಂದೆ ಸಾಗುತ್ತಿರುವಾಗಲೇ ಎರಡು ಭಾನುವಾರ ಹಳೆಯ ಪುಸ್ತಕದೊಂದಿಗೆ ಕುಳಿತು ಆ ಬಾಕಿಯನ್ನು ತೀರಿಸಬೇಕಾಯಿತು.