ರೊಬಸ್ಟಾ ಕಾಫಿ ತೋಟಕ್ಕೆ ಹೂಮಳೆ ನೀರು ಕೊಡುವುದು ಹೇಗೆ?

ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಭಾಗದ ರೊಬಸ್ಟಾ ತೋಟಗಳಲ್ಲಿ ಕೊಯ್ಲು ಮುಗಿದು ಫೆಬ್ರುವರಿ ಅರ್ಧ ಕಳೆಯುವ ಹೊತ್ತಿಗೆ, ಅತ್ತಿ, ಬಸರಿ, ಹಲಸು, ನಂದಿ ಮರಗಳ ಕೆಳಗೆ ಕಾಫಿ ಗಿಡಗಳು ಮಧ್ಯಾಹ್ನದ ಬಿಸಿಲಿಗೆ ಎಲೆ ಇಳಿಬಿಟ್ಟು ನಿಂತಿರುತ್ತವೆ. ಇದನ್ನು ಕಂಡು ಗಾಬರಿಯಾಗುವವರು ಬಹಳ. ಅಷ್ಟರಲ್ಲಿ ಪಕ್ಕದ ತೋಟದಿಂದ ಪಂಪಿನ ಸದ್ದು ಕೇಳಿಬಂದರೆ ಮುಗಿಯಿತು. ಮೊಗ್ಗು ಬಲಿತಿದೆಯೇ, ಕೆರೆಯಲ್ಲಿ ಸಾಕಷ್ಟು ನೀರಿದೆಯೇ ಎಂದು ನೋಡದೆ ಮರುದಿನವೇ ಪೈಪು ಜೋಡಿಸಿಬಿಡುತ್ತಾರೆ. ಮುಂದಿನ ವರ್ಷದ ಫಸಲು ಕೈತಪ್ಪುವುದು ಸಾಮಾನ್ಯವಾಗಿ ಇಲ್ಲಿಂದಲೇ.

ರೊಬಸ್ಟಾದ ಹೂಮೊಗ್ಗುಗಳು ಮಳೆಗಾಲದ ನಂತರ ಗೆಣ್ಣುಗಳಲ್ಲಿ ಮೂಡಿ, ಸ್ವಲ್ಪ ಬೆಳೆದು, ಬೇಸಿಗೆಯ ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಸುಪ್ತವಾಗಿರುತ್ತವೆ. ಈ ಒಣ ಅವಧಿ ಗಿಡಕ್ಕೆ ಬೇಕೇ ಬೇಕು. ಅದು ಪೂರ್ಣಗೊಂಡ ಮೇಲೆ ಒಮ್ಮೆಗೆ ಸಾಕಷ್ಟು ನೀರು ಸಿಕ್ಕರೆ ಮೊಗ್ಗುಗಳೆಲ್ಲ ಒಟ್ಟಿಗೆ ಎಚ್ಚೆತ್ತು ಅರಳುತ್ತವೆ. ಹೀಗೆ ಹೂವು ಅರಳಿಸುವ ಮಳೆಯೇ ಹೂಮಳೆ, ಪಂಪಿನಿಂದ ನಾವು ಕೊಡುವುದು ಅದರ ಬದಲಿನ ನೀರು. ನೀರು ಕಡಿಮೆ ಬಿದ್ದರೆ ಉಬ್ಬಿದ ಮೊಗ್ಗು ಅರೆಬರೆ ಅರಳಿ ಒಣಗಿಹೋಗುತ್ತದೆ, ಆ ಗೆಣ್ಣಿನಲ್ಲಿ ಆ ವರ್ಷ ಮತ್ತೆ ಹೂವು ನಿರೀಕ್ಷಿಸುವಂತಿಲ್ಲ. ಆದ್ದರಿಂದ ಅರ್ಧ ನೀರು ಕೊಡುವುದಕ್ಕಿಂತ ಏನೂ ಕೊಡದೆ ಆಕಾಶದ ಮಳೆಗೆ ಕಾಯುವುದೇ ಮೇಲು.

ಕೊಯ್ಲು ಮುಗಿಸಿ, ತೋಟ ಹೆಕ್ಕಿ

ಗಿಡದಲ್ಲಿ ಉಳಿದ ಕಾಯಿಯನ್ನೂ ನೆಲಕ್ಕೆ ಬಿದ್ದದ್ದನ್ನೂ ಹೆಕ್ಕಿಸಿ. ಕಾಯಿಕೊರಕ ಹುಳು ಉಳಿದುಕೊಳ್ಳುವುದು ಅವುಗಳಲ್ಲಿಯೇ. ನೀರು ಕೊಟ್ಟ ನಂತರ ಕೊಯ್ಯಲು ಹೋದರೆ ಉಬ್ಬಿದ ಮೊಗ್ಗು ಕೈತಾಗಿ ಉದುರುತ್ತದೆ. ನೆಲದ ಮೇಲಿನ ದರಗನ್ನು (ಒಣಎಲೆ) ಗುಡಿಸಬೇಡಿ, ಮರಗಸಿಗೂ (ನೆರಳುಮರದ ಕೊಂಬೆ ಕಡಿಯುವುದಕ್ಕೂ) ಈಗ ಕೈಹಾಕಬೇಡಿ. ಅದು ಮುಂಗಾರಿನ ಮುಂಚಿನ ಕೆಲಸ.

ಕೆರೆಯ ಲೆಕ್ಕ

ಹೂವಿಗೆ ಒಂದೂವರೆ ಇಂಚು, ನಂತರದ ಬ್ಯಾಕಿಂಗ್‌ಗೆ, ಅಂದರೆ ಕಟ್ಟಿದ ಕಾಯಿ ನಿಲ್ಲಲು ಕೊಡುವ ಎರಡನೇ ಸುತ್ತಿಗೆ, ಒಂದು ಇಂಚು ನೀರು ಬೇಕು. ಒಂದು ಎಕರೆಯ ಮೇಲೆ ಒಂದು ಇಂಚು ನೀರು ನಿಲ್ಲಬೇಕಾದರೆ ಸುಮಾರು 1,03,000 ಲೀಟರ್ ಬೇಕಾಗುತ್ತದೆ. ಹಾಗಾಗಿ ಹೂವಿಗೆ ಎಕರೆಗೆ ಸುಮಾರು 1,54,000 ಲೀಟರ್, ಎರಡೂ ಸುತ್ತು ಸೇರಿ 2,57,000 ಲೀಟರ್. ನೂರು ಅಡಿ ಉದ್ದ, ಎಂಬತ್ತು ಅಡಿ ಅಗಲದ ಕೆರೆಯಲ್ಲಿ ಏಳು ಅಡಿ ನೀರಿದ್ದರೂ, ಬದಿಗಳು ಇಳಿಜಾರಾಗಿರುವುದರಿಂದ, 15 ಲಕ್ಷ ಲೀಟರಿಗಿಂತ ಕಡಿಮೆಯೇ ಸಿಗುತ್ತದೆ. ಒರತೆ ದುರ್ಬಲವಾಗಿದ್ದರೆ ಇಷ್ಟು ನೀರು ಐದು ಎಕರೆಗೆ ಮಾತ್ರ ಧಾರಾಳ. ಇಂಥ ಕೆರೆಯನ್ನು ನಂಬಿ ಹತ್ತು ಎಕರೆಗೆ ಪೈಪು ಎಳೆಯುವವರಿದ್ದಾರೆ. ಹತ್ತು ಎಕರೆಯನ್ನು ಅರೆಹೊಟ್ಟೆಯಲ್ಲಿಡುವುದಕ್ಕಿಂತ ಐದು ಎಕರೆಗೆ ಹೊಟ್ಟೆ ತುಂಬಿಸಿ, ಉಳಿದದ್ದನ್ನು ಮಳೆಗೆ ಬಿಡಬೇಕೆಂಬುದು ನನ್ನ ದೃಢವಾದ ಸಲಹೆ. ಹೊಳೆಯಿಂದ ಎತ್ತುವವರು ಕೆಳಗಿನ ಊರಿನವರ ಕುಡಿಯುವ ನೀರನ್ನು ಮರೆಯಬಾರದು.

ಪಂಪಿನ ಸಮಯವನ್ನೂ ಇದೇ ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 30,000 ಲೀಟರ್ ಎತ್ತುವ ಪಂಪು ಒಂದು ಎಕರೆಯ ಹೂವಿನ ನೀರಿಗೆ ಐದು ಗಂಟೆಗೂ ತುಸು ಹೆಚ್ಚು ಓಡಬೇಕು. ತ್ರೀಫೇಸ್ ವಿದ್ಯುತ್ ದಿನಕ್ಕೆ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಇದರೊಂದಿಗೆ ಹೊಂದಿಸಿ ನೋಡಿದರೆ, ಡೀಸೆಲ್ ಪಂಪು ಬೇಕೋ ಬೇಡವೋ ಎಂಬುದು ಮೊದಲೇ ಗೊತ್ತಾಗುತ್ತದೆ.

ಮೊಗ್ಗು ನೋಡುವುದು

ರಸ್ತೆಯಂಚಿನ ಗಿಡ ನೋಡಿ ತೀರ್ಮಾನಿಸಬಾರದು, ಏಕೆಂದರೆ ಅದಕ್ಕೆ ಬಿಸಿಲು ಹೆಚ್ಚು ಬಿದ್ದು ಮೊಗ್ಗು ಬೇಗ ಬಲಿತಿರುತ್ತದೆ. ತೋಟದ ಒಳಗೆ, ನೆರಳು ದಟ್ಟವಾಗಿರುವ ಕಡೆ, ಇಳಿಜಾರಿನ ಮೇಲೆ ಮತ್ತು ತಗ್ಗಿನಲ್ಲಿ ಬೇರೆಬೇರೆ ಗಿಡಗಳ ರೆಕ್ಕೆಗಳನ್ನು (ಅಡ್ಡ ಕೊಂಬೆಗಳನ್ನು) ಹಿಡಿದು ನೋಡಬೇಕು. ಮೊಗ್ಗುಗಳು ಇನ್ನೂ ಗೆಣ್ಣಿಗೆ ಅಂಟಿಕೊಂಡು ಗುಂಡಾಗಿದ್ದರೆ ಕಾಯಿರಿ. ಅವು ಒಂದಕ್ಕೊಂದು ಬಿಡಿಸಿಕೊಂಡು, ಕಡ್ಡಿಯಂತೆ ಉದ್ದವಾಗಿ, ಹಸಿರು ತುಸು ತಿಳಿಯಾಗಿ ಕಾಣತೊಡಗಿದರೆ ಸಿದ್ಧವಾದಂತೆ. ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ಚೇತರಿಸಿಕೊಳ್ಳುತ್ತಿರುವವರೆಗೆ ಗಿಡಕ್ಕೆ ಅಪಾಯವಿಲ್ಲ. ಬೆಳಿಗ್ಗೆಯೂ ಎಲೆ ಜೋತೇ ಇದ್ದರೆ ಮಾತ್ರ ತಡಮಾಡಬಾರದು. ಹೂವು ಹೆಚ್ಚಿಸುತ್ತೇವೆಂದು ಹೇಳಿ ಮಾರುವ ಟಾನಿಕ್ ಬಾಟಲಿಗಳು ಬಲಿಯದ ಮೊಗ್ಗನ್ನು ಬಲಿಸಿದ್ದನ್ನು ನಾನಂತೂ ಕಂಡಿಲ್ಲ. ಆ ಹಣ ಡೀಸೆಲ್‌ಗೆ ಇರಲಿ.

ನೀರು ಹಾರಿಸುವುದು

ಹೆಚ್ಚು ಜನ ಎಡವುವುದು ಈ ಹಂತದಲ್ಲಿ. ಜೆಟ್ (ನೀರು ಚಿಮ್ಮಿಸುವ ತಿರುಗುತಲೆ) ತಿರುಗುತ್ತಿದೆ, ನೀರು ಬೀಳುತ್ತಿದೆ, ಗಿಡ ತೊಯ್ದಿದೆ ಎಂಬುದನ್ನು ನೋಡಿಯೇ ಮೇಸ್ತ್ರಿ ಪೈಪು ಬದಲಿಸಿಬಿಡುತ್ತಾನೆ. ಆದರೆ ಎಲೆ ತೊಯ್ದ ಮಾತ್ರಕ್ಕೆ ಬೇರಿಗೆ ನೀರು ತಲುಪಿದಂತಾಗುವುದಿಲ್ಲ. ಮೊದಲ ಅರ್ಧ ಗಂಟೆಯ ನೀರಿನ ಬಹುಪಾಲನ್ನು ಎಲೆ ಮತ್ತು ದರಗೇ ಹೀರಿಕೊಳ್ಳುತ್ತವೆ.

ಜೆಟ್ ನಿಲ್ಲಿಸುವ ಪೈಪು ಗಿಡದ ನೆತ್ತಿಗಿಂತ ಎತ್ತರವಾಗಿರಬೇಕು. ದೊಡ್ಡ ಮರದ ಬುಡದ ಹತ್ತಿರ ಜೆಟ್ ಇಟ್ಟರೆ ಕಾಂಡಕ್ಕೆ ನೀರು ಬಡಿದು, ಅದರ ಹಿಂಬದಿಯ ಗಿಡಗಳು ಒಣಗಿಯೇ ಉಳಿಯುತ್ತವೆ. ಕಾಡುಮರಗಳು ಹೆಚ್ಚಿರುವ ತೋಟದಲ್ಲಿ ನಕ್ಷೆಯ ಪ್ರಕಾರ ಸಾಲು ಹಿಡಿಯುವುದಕ್ಕಿಂತ ಮರಗಳನ್ನು ನೋಡಿಕೊಂಡು ಜಾಗ ಆರಿಸುವುದು ಜಾಣತನ. ಒಂದು ಜೆಟ್ಟಿನ ನೀರು ಮುಂದಿನ ಜೆಟ್ಟಿನ ಬುಡದ ಸಮೀಪಕ್ಕೆ ತಲುಪುವಷ್ಟು ಹತ್ತಿರ ಅವು ಇರಬೇಕು, ಗಾಳಿ ಬೀಸುವ ದಿಬ್ಬದಲ್ಲಿ ಇನ್ನೂ ಹತ್ತಿರ. ನೀರು ದೂರದಲ್ಲಿ ಬಳೆಯಾಕಾರವಾಗಿ ಬಿದ್ದು ನಡುವೆ ಒಣಗಿದ್ದರೆ ಒತ್ತಡ ಕಡಿಮೆಯಾಗಿದೆ ಎಂದರ್ಥ. ಹೊಗೆಯಂತೆ ತೇಲಿಹೋಗುತ್ತಿದ್ದರೆ ಒತ್ತಡ ಅತಿಯಾಗಿದೆ. ಇಳಿಜಾರಿನ ತೋಟದಲ್ಲಿ ಕೆಳಗಿನ ಜೆಟ್‌ಗಳಿಗೆ ಒತ್ತಡ ತಾನಾಗಿಯೇ ಹೆಚ್ಚಿರುತ್ತದೆ, ಆದುದರಿಂದ ಮೇಲಿನವನ್ನೂ ಕೆಳಗಿನವನ್ನೂ ಒಂದೇ ಗಡಿಯಾರಕ್ಕೆ ಕಟ್ಟಬಾರದು.

ಅಳತೆಗೆ ನೇರ ಬದಿಯ ಡಬ್ಬಿಗಳು ಸಾಕು. ಜೆಟ್ಟಿನ ಹತ್ತಿರ, ನಡುವೆ, ಅಂಚಿನಲ್ಲಿ ಒಂದೊಂದರಂತೆ, ಗಿಡದ ರೆಕ್ಕೆ ಅಡ್ಡ ಬಾರದಂತೆ ಗೂಟದ ಮೇಲೆ ನಿಲ್ಲಿಸಿ, ಎಲ್ಲದರಲ್ಲಿಯೂ ಸುಮಾರು 38 ಮಿಲಿಮೀಟರ್ ನೀರು ನಿಲ್ಲುವವರೆಗೆ ಓಡಿಸಬೇಕು. ಮರುದಿನ ಗುದ್ದಲಿಯಿಂದ ಅಗೆದು ನೋಡಿದರೆ ಒಂದು ಗೇಣಾದರೂ ತೇವ ಇಳಿದಿರಬೇಕು. ಒಮ್ಮೆ ಈ ಪರೀಕ್ಷೆ ಮಾಡಿದರೆ ಆ ಪಂಪಿಗೆ, ಆ ಜೆಟ್ಟಿಗೆ ಎಷ್ಟು ಹೊತ್ತು ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಜೆಟ್‌ಗಳು ಬಿಸಿಲಿಗೆ ಸೀಳುತ್ತವೆ, ವಾಷರ್ ಹೋದ ಜೋಡಣೆಗಳಲ್ಲಿ ನೀರು ದಾರಿಯಲ್ಲೇ ಸೋರಿಹೋಗುತ್ತದೆ. ಹಿತ್ತಾಳೆಯ ಜೆಟ್ಟು ಮತ್ತು ಹೊಸ ವಾಷರುಗಳಿಗೆ ಖರ್ಚು ಮಾಡಲು ಹಿಂಜರಿಯಬಾರದು.

ಗಾಳಿಯಿಲ್ಲದ ರಾತ್ರಿಯಲ್ಲಿ ನೀರು ಸಮನಾಗಿ ಬೀಳುತ್ತದೆಂಬುದು ನಿಜ. ಆದರೆ ಆನೆ ಓಡಾಡುವ ತೋಟಗಳಲ್ಲಿ ಕತ್ತಲಾದ ಮೇಲೆ ಪೈಪು ಬದಲಿಸಲು ಕೆಲಸಗಾರರನ್ನು ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ಬೆಳಗಿನ ಹೊತ್ತು ಹಾಗೂ ಗಾಳಿ ತಗ್ಗಿದ ಸಂಜೆಯಲ್ಲಿಯೇ ಮುಗಿಸಿಕೊಳ್ಳಬೇಕು.

ತೋಟದ ಅಕ್ಕಪಕ್ಕದ ಪಟ್ಟಿಗಳಿಗೆ (ಭಾಗಗಳಿಗೆ) ಆದಷ್ಟು ಕಡಿಮೆ ದಿನಗಳ ಅಂತರದಲ್ಲಿ ನೀರು ಮುಗಿಸಿ. ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಆದ್ದರಿಂದ ಅಕ್ಕಪಕ್ಕದ ಗಿಡಗಳು ಒಟ್ಟಿಗೆ ಅರಳಿದಷ್ಟೂ ಒಳ್ಳೆಯದು. ನಡುವೆ ಕಾಲು ಅಥವಾ ಅರ್ಧ ಇಂಚು ಮಳೆ ಬಂದರೆ ಸಂತೋಷಪಟ್ಟು ಸುಮ್ಮನಾಗದೆ, ಇನ್ನೂ ನೀರು ಕಾಣದ ಪಟ್ಟಿಗಳಿಗೆ ಒಂದೆರಡು ದಿನಗಳೊಳಗೆ ಬಾಕಿ ಅಳತೆಯನ್ನು ತುಂಬಿಸಿಕೊಡಬೇಕು.

ಅರಳಿದ ದಿನಗಳು

ನೀರು ಬಿದ್ದು ಸುಮಾರು ಒಂದು ವಾರಕ್ಕೆ, ಬೆಳಗಿನ ಜಾವದಲ್ಲಿ ಹೂವು ಅರಳುತ್ತದೆ. ಆ ದಿನಗಳಲ್ಲಿ ತೋಟಕ್ಕೆ ಹೋಗುವ ಕೆಲಸವೇ ಇಲ್ಲ. ಔಷಧಿ ಸಿಂಪಡಣೆ ಖಂಡಿತ ಬೇಡ, ಮರದ ಮೇಲಿನ ಹೆಜ್ಜೇನಿಗೆ ಹೊಗೆ ಹಾಕಲು ಯಾರಿಗೂ ಬಿಡಬೇಡಿ, ಪಕ್ಕದ ಪಟ್ಟಿಯ ಜೆಟ್ಟಿನ ನೀರು ಅರಳಿದ ಹೂವಿನ ಮೇಲೆ ಹಾರದಂತೆ ನೋಡಿಕೊಳ್ಳಿ. ತುಡುವೆ ಜೇನಿನ ಪೆಟ್ಟಿಗೆಗಳಿದ್ದರೆ ಹೂವಿಗೆ ಮುಂಚೆಯೇ ಒಳಗಿಟ್ಟಿರಬೇಕು.

ಬ್ಯಾಕಿಂಗ್

ಹೂವಿನ ನೀರು ಕೊಟ್ಟ ಹದಿನೈದರಿಂದ ಇಪ್ಪತ್ತು ದಿನಗಳಲ್ಲಿ ಒಂದು ಇಂಚು ನೀರು ಕೊಡಬೇಕು. ಕಟ್ಟಿದ ಕಾಯಿ ನಿಲ್ಲುವುದು ಇದರಿಂದ. ಡಬ್ಬಿಯ ಅಳತೆ ಇಲ್ಲಿಯೂ ಅದೇ, 25 ಮಿಲಿಮೀಟರ್ ಸಾಕು. ಅಷ್ಟರಲ್ಲಿ ಮಳೆ ಬಂದರೆ ಮಳೆಮಾಪಕ ನೋಡಿ ಕೊರತೆಯಷ್ಟನ್ನೇ ಕೊಡಿ. ಮುಕ್ಕಾಲು ಇಂಚು ಬಿದ್ದಿದ್ದರೆ ಪಂಪು ಹಾಕದೆ, ಉಳಿದ ನೀರನ್ನು ಹೊಸದಾಗಿ ನೆಟ್ಟ ಗಿಡಗಳಿಗೆ ಕಾದಿರಿಸಿ.