ಅಡಿಕೆ ಅಟ್ಟದ ಮೇಲೆ ಒಣಗಿದ ಕಾಫಿ

"ಚೆರಿ ಎಂದರೆ ಚೆರಿಯೇ. ಬೆಳ್ಳಿ ಹರಿವಾಣದಲ್ಲಿ ಒಣಗಿಸಿದರೂ ದರ ಅದೇ" ಎಂದು, ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ (ಅದೇ ಚೆರಿ) ದರ ಕೇಳಲು ಹೋದ ನನ್ನನ್ನು ನಕ್ಕು ಕಳಿಸಿದ್ದ ವ್ಯಾಪಾರಿ ಕಳೆದ ದೀಪಾವಳಿಗೆ ಮನೆಗೇ ಬಂದು ಅರ್ಧ ಕಿಲೋ ಹುರಿದ ಬೀಜ ಕೊಂಡು ಹೋದರು. ರಿಯಾಯಿತಿ ಕೇಳಿದರು, ನಾನು ಕೊಡಲಿಲ್ಲ.

ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ನಡುವೆ ಅಪ್ಪ ನೆಟ್ಟ ರೊಬಸ್ಟಾ ಕಾಫಿ ಇದೆ, ಆರುನೂರು ಗಿಡದ ಮೇಲೆ. ಇನ್ನೊಂದು ಜಾತಿ ಅರೇಬಿಕಾ ಐವತ್ತು ಗಿಡ ಹಾಕಿ ನೋಡಿದ್ದೆ, ಬಿಳಿ ಕಾಂಡಕೊರಕ ಹುಳುವಿಗೆ ಊಟವಾಯಿತು. ಇಥಿಯೋಪಿಯಾದಲ್ಲಿ ಕೆಲವು ವರ್ಷ ಪಾಠ ಮಾಡಿ ಬಂದ ಭಾವ ಒಂದು ಜೆಬೆನಾ ತಂದುಕೊಟ್ಟರು. ಉದ್ದ ಕೊರಳಿನ, ಕಪ್ಪು ಮಣ್ಣಿನ ಹೂಜಿ. ಅಲ್ಲಿ ಬಂದವರ ಎದುರಿಗೇ ಬೀಜ ತೊಳೆದು, ಬಾಣಲೆಯಲ್ಲಿ ಹುರಿದು, ಹೊಗೆಯನ್ನು ಎಲ್ಲರ ಮೂಗಿನ ಹತ್ತಿರ ಹಿಡಿದು, ಒರಳಲ್ಲಿ ಕುಟ್ಟಿ ಈ ಹೂಜಿಯಲ್ಲಿ ಕುದಿಸುತ್ತಾರಂತೆ. ಅದೇ ಗಸಿಗೆ ಮತ್ತೆ ನೀರು ಹಾಕಿ ಮೂರು ಸುತ್ತು: ಅಬೋಲ್, ತೋನಾ, ಬರಕಾ. ಅದೆಲ್ಲ ಚೆಂದವೇ. ಆದರೆ ನನ್ನ ಕಣ್ಣು ನಿಂತದ್ದು ಭಾವನ ಮೊಬೈಲಿನ ಇನ್ನೊಂದು ಚಿತ್ರದ ಮೇಲೆ. ಸೊಂಟದೆತ್ತರದ ಅಟ್ಟ, ಅದರ ಮೇಲೆ ತೆಳ್ಳಗೆ ಹರಡಿದ ಕೆಂಪು ಹಣ್ಣು. "ಭಾವ, ಇದು ನಮ್ಮ ಅಡಿಕೆ ಅಟ್ಟವಲ್ಲವೇ?" ಎಂದೆ.

ಮೊದಲ ವರ್ಷ ಅದೇ ಅಟ್ಟದ ಮೂಲೆಯಲ್ಲಿ ಸುಮಾರು ಮೂರು ಕ್ವಿಂಟಲ್ ಹಣ್ಣು ಸುರಿದೆ. ಅಡಿಕೆ ಎಲ್ಲಿ ಹರಡುವುದೆಂದು ಮನೆಯಲ್ಲಿ ಜಗಳವಾಯಿತು. ಅಟ್ಟಕ್ಕೆ ಹಾಸಿದ ಅಡಿಕೆ ಮರದ ದಬ್ಬೆಗೆ ಹತ್ತಿದ ಚೊಗರು, ಅಂದರೆ ಅಡಿಕೆ ಬೇಯಿಸಿದ ರಸ, ಹಣ್ಣಿಗೂ ಹತ್ತಿತು. ನಾಲ್ಕು ಬೆರಳು ದಪ್ಪ ಹರಡಿ, ರಾತ್ರಿ ಇಬ್ಬನಿಗೆ ಬಿಟ್ಟು ಮಲಗಿದ್ದೆ. ಎಂಟನೇ ದಿನ ಕೈಯಾಡಿಸಿದರೆ ಅಡಿಯಲ್ಲಿ ಬಿಳಿ ಬೂಷ್ಟು. ಒಣಗಿದ ಮೇಲೂ ಹಳೆಯ ಗೋಣಿಚೀಲದ ವಾಸನೆ ಬಿಡಲಿಲ್ಲ. ಎಲ್ಲವೂ ಗೊಬ್ಬರದ ಗುಂಡಿಗೆ.

ಎರಡನೇ ವರ್ಷ ಹಟಕ್ಕೆ ಬಿದ್ದು ಬೇರೆಯೇ ಅಟ್ಟ ಹಾಕಿಸಿದೆ. ದಬ್ಬೆ ತೋಟದ್ದೇ, ಆದರೂ ಬಲೆ, ತಾಡಪಾಲು, ಕೂಲಿ ಸೇರಿ ಇಪ್ಪತ್ತೆರಡು ಸಾವಿರ ಬಿತ್ತು. ಈ ಸಲ ಬೂಷ್ಟಿನ ಹೆದರಿಕೆಯಿಂದ ಸುಡುಬಿಸಿಲಿಗೆ ಒಡ್ಡಿದೆ. ಹನ್ನೆರಡೇ ದಿನಕ್ಕೆ ಸಿಪ್ಪೆ ಖಣಖಣ ಎಂದಿತು, ಗೆದ್ದೆ ಎಂದುಕೊಂಡೆ. ಒಳಗೆ ಬೀಜ ಇನ್ನೂ ಮೆತ್ತಗಿತ್ತು. ಅದನ್ನೇ ಚೀಲಕ್ಕೆ ತುಂಬಿಟ್ಟಿದ್ದೆ, ಶಿರಸಿಯ ಜುಲೈ ಮಳೆ ಹೇಗಿರುತ್ತದೆಂದು ನಿಮಗೆ ಗೊತ್ತು. ಚೀಲ ಬಿಚ್ಚಿದಾಗ ಬಂದ ವಾಸನೆಗೆ ಹೆಂಡತಿ ಅಡುಗೆಮನೆಯ ಕಿಟಕಿ ಮುಚ್ಚಿದಳು. ಎರಡು ವರ್ಷಕ್ಕೆ ಒಟ್ಟು ಎಪ್ಪತ್ತು ಸಾವಿರದ ಹತ್ತಿರ ಕೈಬಿಟ್ಟಿತು.

ಮೂರನೇ ಸಲ ಅವಸರ ಬಿಟ್ಟೆ. ತೊಟ್ಟಿಯಲ್ಲಿ ಮುಳುಗಿಸಿ ತೇಲುಹಣ್ಣು ತೆಗೆದೆ. ಮೊದಲ ಮೂರು ದಿನ ಒಂದೇ ಪದರ, ಆಮೇಲೆ ಎರಡು ಬೆರಳು. ನಡುಮಧ್ಯಾಹ್ನ ಮೇಲೆ ನೆರಳು ಬಲೆ, ಇಬ್ಬನಿ ಇಳಿಯುವ ಮೊದಲೇ ಹೊದಿಕೆ, ದಿನಕ್ಕೆ ಆರು ಸಲ ಕೈಯಾಡಿಸುವುದು. ಇಪ್ಪತ್ತೈದು ದಿನ ಹಿಡಿಯಿತು. ಕಡ ತಂದ ತೇವಾಂಶದ ಮೀಟರು ಶೇಕಡಾ ಹನ್ನೊಂದು ತೋರಿಸಿತು. ನನಗೆ ಹಲ್ಲೇ ಮೀಟರು, ಕಚ್ಚಿದರೆ ಕಟ್ ಎನ್ನಬೇಕು. ನಾಲ್ಕನೇ ರಾತ್ರಿ ಮಾಡುವ ಕೆಲಸವೊಂದಿದೆ, ಹಣ್ಣಿನ ಘಮ ನಿಲ್ಲುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಹುರಿಯುವುದಕ್ಕೆ ಕಡಲೆ ಹುರಿಯುವ ಡ್ರಮ್ಮಿಗೆ ಹಳೆಯ ಜೀಪಿನ ವೈಪರ್ ಮೋಟಾರು ಕೂರಿಸಿದೆ. ಬರ್ನರ್, ಉಷ್ಣಮಾಪಕ ಸೇರಿ ಮೂವತ್ತೆಂಟು ಸಾವಿರ. ಹಣ್ಣಿನೊಳಗೇ ಒಣಗಿದ ಇಂಥ ಬೀಜದ ಹೊಟ್ಟು ಬೇಗ ಹೊತ್ತಿಕೊಳ್ಳುತ್ತದೆ. ಒಮ್ಮೆ ಡ್ರಮ್ಮಿನೊಳಗೇ ಬೆಂಕಿ ಕಂಡು, ಎರಡು ಕಿಲೋ ಬೀಜವನ್ನು ಅಂಗಳಕ್ಕೆ ಸುರಿದು ನೀರು ಹೊಯ್ದೆ. ಹನ್ನೊಂದು ಸುತ್ತು ಹಾಳಾದ ಮೇಲೆ ಕೈ ಕುದುರಿತು. ಸಣ್ಣ ಉರಿಯಲ್ಲಿ ಆರಂಭ, ಹತ್ತನೇ ನಿಮಿಷಕ್ಕೆ ಬೀಜ ಚಟಪಟ ಎನ್ನುವ ಮೊದಲ ಸಿಡಿತ, ಅಲ್ಲಿಂದ ಎರಡು ನಿಮಿಷದೊಳಗೆ ಗೆರಸೆಗೆ ಸುರಿದು ಫ್ಯಾನಿನ ಎದುರು ಕೇರುವುದು. ಪೇಲವವಾಗಿ ಉಳಿದ ಬೀಜವನ್ನು ಅಮ್ಮ ಆರಿಸುತ್ತಾಳೆ. ಅವಳ ಕಣ್ಣಿನ ಮುಂದೆ ಯಂತ್ರ ಏನೂ ಅಲ್ಲ.

ಈ ನಡುವೆ ಬೇಡದ ಸಾಹಸಗಳೂ ನಡೆದವು. ಉಗಾಂಡಾದ ಬುಗಾಂಡಾದಲ್ಲೂ ತಾಂಜಾನಿಯಾದ ಹಾಯಾ ಜನರಲ್ಲೂ ರೊಬಸ್ಟಾ ಹಣ್ಣನ್ನು ಸೊಪ್ಪಿನ ಜೊತೆ ಬೇಯಿಸಿ, ಒಣಗಿಸಿ ಜಗಿಯುತ್ತಾರೆ, ನಮ್ಮ ಎಲೆಅಡಿಕೆ ಕವಳದ ಹಾಗೆ ನೆಂಟರಿಗೆ ಕೊಡುತ್ತಾರೆ. ನಾನು ಮಜ್ಜಿಗೆ ಹುಲ್ಲು ಹಾಕಿ ಬೇಯಿಸಿದೆ. ಬರೀ ಒಗರು. ಪಕ್ಕದ ಮನೆಯ ಅಜ್ಜ ಒಬ್ಬರು ಮಾತ್ರ ಈಗಲೂ ಕೇಳಿ ಪಡೆಯುತ್ತಾರೆ, ನಿದ್ದೆ ಬರುವುದಿಲ್ಲವೆಂದು ಬೈಯುತ್ತಲೇ.

ಕೆನ್ಯಾದ ಕರಾವಳಿಯ ಮೊಂಬಾಸಾ, ಲಾಮು ಕಡೆ ಇದ್ದಿಲ ಮೇಲೆ ಹಿತ್ತಾಳೆ ಪಾತ್ರೆ ಇಟ್ಟು ಬೀದಿಯಲ್ಲಿ ಕರಿಕಾಫಿ ಮಾರುತ್ತಾರೆ. ಅದೇ ಮಾದರಿಯಲ್ಲಿ ಮಾರಲು ಕಾರವಾರದ ಟಾಗೋರ್ ಕಡಲತೀರದ ಹತ್ತಿರ ಒಂದು ಚಳಿಗಾಲ ಸಂಜೆ ಹೊತ್ತು ನಿಂತೆ. ಶುಂಠಿ, ನಮ್ಮದೇ ಏಲಕ್ಕಿ, ಸಣ್ಣ ಲೋಟಕ್ಕೆ ಇಪ್ಪತ್ತು ರೂಪಾಯಿ. "ಹಾಲಿಲ್ಲವೇ?" ಎಂದು ಕೇಳಿ ಹೋದವರೇ ಹೆಚ್ಚು. ಜೊತೆಗೊಂದು ಶೇಂಗಾ ಚಿಕ್ಕಿ ಇಡಲು ಶುರುಮಾಡಿದ ಮೇಲೆ ದಿನಕ್ಕೆ ಅರವತ್ತು ಲೋಟ ಹೋಗತೊಡಗಿತು. ಬಸ್ಸಿನ ಖರ್ಚು ಕಳೆದರೆ ಲಾಭ ಅಷ್ಟಕ್ಕಷ್ಟೇ, ಆದರೆ ಬೀಜಕ್ಕೆ ಗಿರಾಕಿ ಸಿಕ್ಕಿದ್ದು ಅಲ್ಲೇ.

ಪೊಟ್ಟಣದ ಮೇಲೆ ನಮ್ಮ ಕಡೆಯ ಸಿದ್ದಿ ಜನರ ಚಿತ್ರ ಹಾಕು, ಆಫ್ರಿಕಾ ಎಂದರೆ ಓಡುತ್ತದೆ ಎಂದು ಒಬ್ಬರು ಬುದ್ಧಿ ಹೇಳಿದರು. ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು ನಿಜ. ಯಲ್ಲಾಪುರದ ನನ್ನ ಸಿದ್ದಿ ಗೆಳೆಯರಿಗೆ ಈ ಮಾತು ಹೇಳಿದರೆ, "ನಮ್ಮ ಮನೆಯಲ್ಲಿ ಮೂರು ಹೊತ್ತೂ ಚಹಾ ಮಾರಾಯರೆ" ಎಂದು ನಕ್ಕರು. ಸುಳ್ಳು ಹೇಳಿ ಮಾರುವುದು ನನಗೆ ಬೇಡ.

ಲೆಕ್ಕ ಅಂದಾಜಿನದು. ನೂರು ಕಿಲೋ ಹಣ್ಣಿಗೆ ಇಪ್ಪತ್ತೊಂದು ಕಿಲೋ ಬೀಜ, ಹುರಿದರೆ ಹದಿನೆಂಟು ಚಿಲ್ಲರೆ. 2024ರಲ್ಲಿ ಚೆರಿ ದರ ಐವತ್ತು ಕಿಲೋ ಚೀಲಕ್ಕೆ ಹತ್ತು ಸಾವಿರದ ಆಸುಪಾಸಿಗೆ ಏರಿದಾಗ, ಹುರಿಯುವ ಹುಚ್ಚು ಬಿಟ್ಟು ಮಾರಿಬಿಡು ಎಂದು ಎಲ್ಲರೂ ಹೇಳಿದರು. ಮುಕ್ಕಾಲು ಪಾಲು ಮಾರಿದೆ, ನಾನೇನು ದಡ್ಡನಲ್ಲ. ಉಳಿದದ್ದನ್ನು ಹುರಿದು ಕಿಲೋಗೆ ಒಂಬೈನೂರರಂತೆ ನೂರಾ ಅರವತ್ತು ಕಿಲೋ ಕೊಟ್ಟೆ, ಚಿಕೋರಿ ಒಂದು ಚಿಟಿಕೆಯೂ ಇಲ್ಲದೆ. ಖರ್ಚು ಕಳೆದು ಚೆರಿಗಿಂತ ಮೂವತ್ತೈದು ಸಾವಿರ ಹೆಚ್ಚು ಬಂತು. ಹಳೆಯ ನಷ್ಟ ಇನ್ನೂ ಪೂರ್ತಿ ತುಂಬಿಲ್ಲ.

ಭಾವ ಕೊಟ್ಟ ಜೆಬೆನಾದ ಕೊರಳು ಮೊನ್ನೆ ಒಡೆಯಿತು. ಕುಂಬಾರರೊಬ್ಬರಿಗೆ ಮಾದರಿ ಕೊಟ್ಟಿದ್ದೇನೆ. ಎರಡು ಸಲ ಸುಟ್ಟರು, ಎರಡು ಸಲವೂ ಕೊರಳೇ ಬಿರಿಯಿತು. ಸದ್ಯಕ್ಕೆ ತಾಮ್ರದ ತಂಬಿಗೆಯಲ್ಲೇ ಕುದಿಸುತ್ತಿದ್ದೇನೆ.