ಇಟಾಲಿಯನ್ ಸಾಹಿತ್ಯದ ವಿದ್ವಾಂಸರ ಉಲ್ಲೇಖಗಳನ್ನು ಓದುವ ಕ್ರಮ

ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕುಳಿತು ತೌಲನಿಕ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡಹೊರಡುವ ವಿದ್ಯಾರ್ಥಿ, ಇಟಲಿಯ ವಿದ್ವಾಂಸರೊಬ್ಬರಿಗೆ ಪತ್ರ ಬರೆಯುವ ಮುನ್ನ ಸಂಶೋಧನಾ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ತೆರೆದು, ಒಬ್ಬರ ಬರಹಗಳನ್ನು ಇತರರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದರಿಂದ ಲೆಕ್ಕ ಹಾಕಿ ಅಲ್ಲಿ ತೋರಿಸುವ ಎಚ್-ಸೂಚ್ಯಂಕ ಚಿಕ್ಕದಾಗಿದ್ದರೆ ಅವರನ್ನು ಕೈಬಿಡುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಸಾಹಿತ್ಯದ ಮಟ್ಟಿಗೆ ಆ ಅಂಕಿಯನ್ನು ಹೇಗೆ ಓದಬೇಕೆಂಬುದನ್ನು ಅವರಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರನ್ನು ಖಚಿತಪಡಿಸಿಕೊಳ್ಳಿ. ಹೆಸರಿನ ತೊಡಕು ಕೊಡಗಿನವರಿಗೆ ಹೊಸದಲ್ಲ. 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಕೊಡವ ಜಾನಪದ ಸಂಗ್ರಹವನ್ನು ಹೊರತಂದ ನಡಿಕೇರಿಯಂಡ ಚಿಣ್ಣಪ್ಪನವರ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಕೊನೆಯ ಪದವನ್ನೇ ಕುಲನಾಮವೆಂದು ತಿಳಿಯುವ ಯಂತ್ರಕ್ಕೆ ಅದು ತಲೆಕೆಳಗಾಗಿ ಕಾಣುತ್ತದೆ. ಇಟಾಲಿಯನ್ ಹೆಸರುಗಳಲ್ಲಿ ಬರುವ ‘ದೆ’, ‘ದಿ’ ಮುಂತಾದವೂ ಒಂದು ಪಟ್ಟಿಯಲ್ಲಿ ಸೇರಿ, ಇನ್ನೊಂದರಲ್ಲಿ ಬಿಟ್ಟುಹೋಗಿ, ಒಬ್ಬರೇ ವ್ಯಕ್ತಿ ಇಬ್ಬರಾಗುತ್ತಾರೆ. ಒಮ್ಮೆ ನಾನು ಒಂದೇ ಹೆಸರಿನ ಇಬ್ಬರು ವಿದ್ವಾಂಸರ ಲೇಖನಗಳನ್ನು ಕೂಡಿಸಿ, ವಿದ್ಯಾರ್ಥಿನಿಯೊಬ್ಬರಿಗೆ ತಪ್ಪು ಸಲಹೆ ಕೊಟ್ಟಿದ್ದೆ. ಅಂದಿನಿಂದ ಪ್ರತಿ ಸಂಶೋಧಕರನ್ನು ಬೇರೆಯಾಗಿ ಗುರುತಿಸುವ ಹದಿನಾರು ಅಂಕಿಯ ಆರ್ಕಿಡ್ (ORCID) ಸಂಖ್ಯೆಯನ್ನೂ ಅವರ ವಿಶ್ವವಿದ್ಯಾಲಯದ ಪ್ರಕಟಣೆಗಳ ಪಟ್ಟಿಯನ್ನೂ ಹೋಲಿಸದೆ ಮುಂದುವರಿಯುವುದಿಲ್ಲ.

ಎಚ್-ಸೂಚ್ಯಂಕವನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಎಷ್ಟು ಬರಹಗಳಿಗೆ ತಲಾ ಕನಿಷ್ಠ ಅಷ್ಟೇ ಉಲ್ಲೇಖಗಳು ಬಂದಿವೆಯೋ, ಅಂಥ ಅತಿ ದೊಡ್ಡ ಸಂಖ್ಯೆಯೇ ಅದು. ಒಬ್ಬರ ಐದು ಬರಹಗಳಿಗೆ 40, 9, 4, 3, 1 ಉಲ್ಲೇಖಗಳು ಬಂದಿವೆ ಎಂದುಕೊಳ್ಳಿ. ಮೊದಲ ಮೂರು ಬರಹಗಳಿಗೆ ತಲಾ ಮೂರು ಅಥವಾ ಹೆಚ್ಚು ಉಲ್ಲೇಖಗಳಿವೆ, ಆದರೆ ನಾಲ್ಕನೆಯದಕ್ಕೆ ನಾಲ್ಕಿಲ್ಲ. ಆದ್ದರಿಂದ ಸೂಚ್ಯಂಕ 3. ಹತ್ತು ವರ್ಷ ದುಡಿದು ಬರೆದ ಗ್ರಂಥಕ್ಕೆ ನಲವತ್ತು ಉಲ್ಲೇಖ ಬಂದರೂ ನಾಲ್ಕೇ ಬಂದರೂ ಇಲ್ಲಿ ಫಲ ಒಂದೇ. ಸಾಹಿತ್ಯ ಸಂಶೋಧಕರ ಬದುಕು ಹೆಚ್ಚಾಗಿ ಅಂಥ ಒಂದೆರಡು ಗ್ರಂಥಗಳಲ್ಲೇ ಇರುವುದರಿಂದ ಈ ಅಳತೆ ಅವರಿಗೆ ನ್ಯಾಯ ಒದಗಿಸುವುದಿಲ್ಲ.

ಎಣಿಕೆಯೂ ಪೂರ್ಣವಲ್ಲ. ದತ್ತಾಂಶ ಭಂಡಾರಗಳು ಇಂಗ್ಲಿಷ್ ನಿಯತಕಾಲಿಕಗಳನ್ನು ಹಿಡಿದಷ್ಟು ಚೆನ್ನಾಗಿ ಇಟಾಲಿಯನ್ ಗ್ರಂಥಗಳನ್ನು ಹಿಡಿಯುವುದಿಲ್ಲ. ಅಡಿಟಿಪ್ಪಣಿಯಲ್ಲಿ ಸಂಕ್ಷಿಪ್ತವಾಗಿ ಬರುವ ಉಲ್ಲೇಖಗಳೂ ಎಷ್ಟೋ ಬಾರಿ ಜಾರಿಹೋಗುತ್ತವೆ. ಬರ್ಲಿನ್ನಿನಲ್ಲಿರುವ ಹ್ಯಾಮಿಲ್ಟನ್ 90 ಎಂಬ ‘ಡೆಕಮೆರಾನ್’ ಕಥಾಸಂಗ್ರಹದ ಹಸ್ತಪ್ರತಿಯು ಸ್ವತಃ ಅದರ ಲೇಖಕ, ಹದಿನಾಲ್ಕನೆಯ ಶತಮಾನದ ಬೊಕ್ಕಾಚೊನ ಕೈಬರಹವೆಂದು ವಿದ್ವಾಂಸರಾದ ವಿತ್ತೋರೆ ಬ್ರಾಂಕಾ ಮತ್ತು ಪಿಯೆರ್ ಜೋರ್ಜೊ ರಿಚ್ಚಿ 1962ರಲ್ಲಿ ತೋರಿಸಿಕೊಟ್ಟರು. ಆಮೇಲೆ ಆ ಕೃತಿಯನ್ನು ಸಂಪಾದಿಸಲು ಕುಳಿತ ಯಾರೂ ಅದನ್ನು ಬದಿಗಿಡಲಾರರು. ಇಂಥ ಪ್ರಭಾವ ಪಠ್ಯದ ಒಳಗೇ ಬೆರೆತಿರುತ್ತದೆ, ಅಂಕಿಯಲ್ಲಿ ಕಾಣಿಸುವುದಿಲ್ಲ. ಇಟಲಿಯಲ್ಲೇ 2012ರಿಂದ ನಡೆದ ಪ್ರಾಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯು ಸಾಹಿತ್ಯ ಶಾಖೆಗಳಲ್ಲಿ ಉಲ್ಲೇಖಗಳನ್ನು ಎಣಿಸದೆ, ಗ್ರಂಥಗಳನ್ನೂ ಲೇಖನಗಳನ್ನೂ ಉನ್ನತ ದರ್ಜೆಯ ಪತ್ರಿಕೆಗಳಲ್ಲಿನ ಪ್ರಕಟಣೆಗಳನ್ನೂ ಲೆಕ್ಕಕ್ಕೆ ಹಿಡಿದದ್ದು ಈ ಕಾರಣಕ್ಕೇ ಎಂದು ನಾನು ತಿಳಿಯುತ್ತೇನೆ.

ಹಾಗಾದರೆ ಏನು ಮಾಡಬೇಕು? ವಿದ್ವಾಂಸರ ಮುಖ್ಯ ಗ್ರಂಥವೊಂದನ್ನು ಆರಿಸಿ, ಅದನ್ನು ಉಲ್ಲೇಖಿಸಿದ ಹತ್ತು ಲೇಖನಗಳನ್ನು ಇಳಿಸಿಕೊಳ್ಳಿ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ನಮ್ಮ ಊರುಗಳಲ್ಲಿ ಇದನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಕ್ಷೇಮ. ಆಮೇಲೆ ಪೆನ್ಸಿಲ್ ಹಿಡಿದು ಪ್ರತಿ ಉಲ್ಲೇಖದ ಅಂಚಿನಲ್ಲಿ ಗುರುತು ಹಾಕಿ: ಬರೀ ಹೆಸರು ಹೇಳಿ ದಾಟಿದ್ದಕ್ಕೆ ಒಂದು ಚುಕ್ಕೆ, ವಾದವನ್ನು ಬಳಸಿಕೊಂಡಿದ್ದಕ್ಕೆ ಒಂದು ಗೆರೆ, ವಾದವನ್ನು ಎದುರಿಸಿದ್ದಕ್ಕೆ ಎರಡು ಗೆರೆ. ಅಡಿಟಿಪ್ಪಣಿಯಲ್ಲಿ ‘ಹೋಲಿಸಿ ನೋಡಿ’ ಎಂಬರ್ಥದ ಸಿ.ಎಫ್.ಆರ್. ಎಂಬ ಅಕ್ಷರಗಳು ಮಾತ್ರ ಇದ್ದರೆ ಸಾಮಾನ್ಯವಾಗಿ ಚುಕ್ಕೆಯೇ ಸಾಕು. ಹತ್ತರಲ್ಲಿ ಮೂರು ಕಡೆ ಎರಡು ಗೆರೆ ಬಿದ್ದರೆ, ಒಟ್ಟು ಸಂಖ್ಯೆ ಚಿಕ್ಕದಾಗಿದ್ದರೂ, ಆ ಗ್ರಂಥ ಜೀವಂತವಾಗಿದೆ ಎಂದೇ ನಾನು ಭಾವಿಸುತ್ತೇನೆ.

ವರ್ಷಗಳನ್ನೂ ಗಮನಿಸಿ. ಇಟಲಿಯ ಮಹಾಕವಿ ಡಾಂಟೆ ತೀರಿಕೊಂಡು ಏಳುನೂರು ವರ್ಷವಾದ 2021ರಂಥ ಸಂದರ್ಭದಲ್ಲಿ ಆ ವಿಷಯದ ಬರಹಗಳು ಒಮ್ಮೆಲೇ ಹೆಚ್ಚುತ್ತವೆ, ಅವುಗಳ ಜೊತೆ ಉಲ್ಲೇಖಗಳೂ ಏರುತ್ತವೆ. ಅದರಾಚೆಗೂ ಉಲ್ಲೇಖಗಳ ಸಂಖ್ಯೆ ಇಳಿಯದಿದ್ದರೆ ಮಾತ್ರ ಅದಕ್ಕೆ ಬೆಲೆ ಕೊಡಿ.

ಪತ್ರ ಬರೆಯುವಾಗ ಸೂಚ್ಯಂಕದ ಪ್ರಸ್ತಾಪ ಬೇಡ. ಎರಡು ಗೆರೆ ಬಿದ್ದ ಒಂದು ವಾದವನ್ನು ಹೆಸರಿಸಿ, ಅದು ನಿಮ್ಮ ಪ್ರಬಂಧಕ್ಕೆ ಎಲ್ಲಿ ತಾಗುತ್ತದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ತಿಳಿಸಿ.